ಗೆರೆ ದಾಟಿದ ಮೇಲೆ

ನನ್ನ ತಮ್ಮನಿಗೆ ದೂರಪ್ಪ ಎಂದು ಹೆಸರಿಟ್ಟವರು ಮನೆಯವರಲ್ಲ. ಕುದುರೆ ಸವಾರರ ಕ್ಯಾಂಪಿನಲ್ಲಿ ಯಾರೋ ತಮಾಷೆಗೆ ಹಾಗೆ ಕರೆದರು, ಅದೇ ಅಂಟಿಕೊಂಡಿತು. ದಿನವಿಡೀ ಕುದುರೆಯ ಮೇಲೆ ಕೂತು ನೂರು, ನೂರ ಅರವತ್ತು ಕಿಲೋಮೀಟರ್ ಸುತ್ತಿ ಬರುವ ಸವಾರಿಗಳಿವೆ. ಬೆಳಕು ಹರಿಯುವ ಮೊದಲೇ ಹೊರಟವರು ಕಣ್ಣು ಮಬ್ಬಾಗುವ ಹೊತ್ತಿಗೆ ಬಂದು ಸೇರುತ್ತಾರೆ. ತಮ್ಮ ಅಂಥದ್ದನ್ನು ಬಿಟ್ಟು ಬೇರೆ ಯಾವುದಕ್ಕೂ ಹೋದವನಲ್ಲ. ಅದೇ ಕ್ಯಾಂಪಿನಲ್ಲಿ, ಅದೇ ದಿನ, ನಲವತ್ತು ಕಿಲೋಮೀಟರಿನ ಸವಾರಿಯೂ ಒಂದಿರುತ್ತದೆ. ಮೊದಲನೆಯದನ್ನು ಎಲ್ಲರೂ ದೊಡ್ಡದು ಎನ್ನುತ್ತಾರೆ, ಎರಡನೆಯದನ್ನು ಚಿಕ್ಕದು. ಹೆಸರು ಬರೆಸುವ ಮೇಜಿನ ಪಕ್ಕ ಸ್ವಲ್ಪ ಹೊತ್ತು ನಿಂತರೆ ಒಂದು ವಿಷಯ ಕಿವಿಗೆ ಬೀಳುತ್ತದೆ. "ದೊಡ್ಡದಾ, ಚಿಕ್ಕದಾ?" ಎಂದು ಕೇಳಿದರೆ ದೊಡ್ಡದರವರು "ದೊಡ್ಡದು" ಎನ್ನುತ್ತಾರೆ. ಚಿಕ್ಕದರವರು "ಬರೀ ಚಿಕ್ಕದು" ಎನ್ನುತ್ತಾರೆ. ಆ "ಬರೀ" ಯಾರೂ ಕಲಿಸಿದ್ದಲ್ಲ. ತಾನಾಗಿಯೇ ಬಾಯಿಗೆ ಬರುತ್ತದೆ.

ನನ್ನ ತಂಗಿ ಮಾತ್ರ ಅದನ್ನು ಸೇರಿಸುತ್ತಿರಲಿಲ್ಲ. "ಚಿಕ್ಕದು" ಎಂದು ಹೇಳಿ, ಹೆಸರು ಬರೆಸಿ, ತನ್ನ ಕುದುರೆಯ ಹತ್ತಿರ ಹೋಗುತ್ತಿದ್ದಳು.

ನಾವು ಮೂರು ಜನ ಒಡಹುಟ್ಟಿದವರು. ಎಲ್ಲರಿಗಿಂತ ದೊಡ್ಡವನು ನಾನು. ಅಪ್ಪನ ಕೈ ನಡುಗಲು ಶುರುವಾದಾಗ ಶಾಲೆ ಬಿಟ್ಟು ಅವನ ಸುತ್ತಿಗೆ ಹಿಡಿದೆ, ಕುದುರೆಗಳಿಗೆ ಲಾಳ ಹೊಡೆಯುತ್ತಲೇ ಮುದುಕನಾದೆ. ನನ್ನ ನಂತರ ತಂಗಿ, ಅವಳದು ಹೊಲಿಗೆ ಅಂಗಡಿ. ಕೊನೆಯವನು ದೂರಪ್ಪ, ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಬಸ್ಸಿನ ಮುಂದಿನ ಚಕ್ರ ಗೇಟು ದಾಟಿದರೆ ಅವನ ಲೆಕ್ಕಕ್ಕೆ ಬಸ್ಸು ಬಂದ ಹಾಗೆ. ಒಳಗೆ ಬಂದ ಮೇಲೆ ಅದರ ಎಂಜಿನ್ ಹೊಗೆ ಕಾರಿದರೆ ಅದು ಮೆಕ್ಯಾನಿಕ್ಕಿನ ತಲೆನೋವು.

ಕುದುರೆಗಳ ವಿಷಯದಲ್ಲೂ ಹಾಗೇ ಆಗಿತ್ತು. ಅವನು ದೊಡ್ಡ ಸವಾರಿ ಮುಗಿಸಿ ಗೆರೆ ದಾಟಿ ಬಂದರೆ, ಲಗಾಮನ್ನು ನನ್ನ ಕೈಗೆ ಕೊಟ್ಟು ಕುರ್ಚಿಯ ಮೇಲೆ ಕುಸಿಯುತ್ತಿದ್ದ. ಜೀನು ಇಳಿಸುವುದು, ನೀರು ಹೊಯ್ಯುವುದು, ಕಾಲು ತಿಕ್ಕುವುದು, ಕುದುರೆ ಡಾಕ್ಟರ ಮುಂದೆ ನಿಲ್ಲಿಸುವುದು ಎಲ್ಲಾ ನಮ್ಮ ಪಾಲಿಗೆ. ಅಷ್ಟು ದೂರದಿಂದ ಬಂದವನ ಕೈಯಲ್ಲಿ ಇನ್ನೇನು ಮಾಡಿಸುವುದು! ತಂಗಿಯೂ ತನ್ನ ಚಿಕ್ಕ ಸವಾರಿಯನ್ನು ಮಧ್ಯಾಹ್ನಕ್ಕೇ ಮುಗಿಸಿ, ತನ್ನ ಕುದುರೆಯನ್ನು ತಾನೇ ನೋಡಿಕೊಂಡು, ಆಮೇಲೆ ಬಕೆಟ್ ಹಿಡಿದು ತಮ್ಮನಿಗಾಗಿ ಕಾಯುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲರ ಕೈಯೂ ದೊಡ್ಡದಕ್ಕೆ.

ಆ ವರ್ಷ ತಂಗಿಯ ಬಲಮಂಡಿ ಊದಿಕೊಂಡು, ಕೋಲು ಹಿಡಿದು ನಡೆಯುವ ಹಾಗಾಯಿತು. ಆಪರೇಷನ್ ಆಗಬೇಕು, ಅದಾಗಿ ಹಲವು ತಿಂಗಳು ಕುದುರೆ ಹತ್ತುವ ಮಾತೇ ಇಲ್ಲ ಎಂದಿದ್ದರು ಆಸ್ಪತ್ರೆಯವರು. ಅದೇ ಹೊತ್ತಿಗೆ ದೂರಪ್ಪನ ಕುದುರೆಯ ಮುಂಗಾಲಿನ ನರ ಹೋಯಿತು. ಹತ್ತು ಹದಿನೈದು ಸವಾರಿ ಗೆದ್ದ ಕುದುರೆ ಅದು. ಇನ್ನು ಮೇಯುವುದಷ್ಟೇ ಅದರ ಕೆಲಸ. ಒಂದು ಕಡೆ ಕುದುರೆ ಇಲ್ಲದ ಸವಾರ, ಇನ್ನೊಂದು ಕಡೆ ಸವಾರರಿಲ್ಲದ ಕುದುರೆ. ಅವನು ಅಕ್ಕನ ಅಂಗಡಿಗೆ ಬರುವುದು ಹೆಚ್ಚಾಯಿತು.

ಅಂಗಡಿ ಎಂದರೆ ಬೀದಿಗೆ ಬಾಗಿಲಿರುವ ಒಂದು ಕೋಣೆ. ಎರಡು ಮಷಿನ್, ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ತೋಳಿಲ್ಲದ ಅಂಗಿಗಳು. ತಂಗಿ ಕೆಟ್ಟ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಇನ್ನೊಂದರಲ್ಲಿ ಮಷಿನ್ ತುಳಿಯುತ್ತಿದ್ದಳು. ನಾನು ಬಾಗಿಲ ಬಳಿ ಕೂತು ಜೀನಿನ ಹೊಟ್ಟೆಪಟ್ಟಿಗೆ ಬಕಲ್ ಹೊಲಿಯುತ್ತಿದ್ದೆ.

"ಅಕ್ಕಾ, ಗುಬ್ಬೀನ ನಂಗೆ ಕೊಟ್ಬಿಡು" ಎಂದ ದೂರಪ್ಪ, ಒಳಗೆ ಕಾಲಿಟ್ಟವನೇ.

ಗುಬ್ಬಿ ತಂಗಿಯ ಹೆಣ್ಣುಕುದುರೆ. ಸಣ್ಣ ಮೈ, ಕಂದು ಬಣ್ಣ, ಚುರುಕು ಕಿವಿ. ತಂಗಿಯ ಬಾಯಲ್ಲಿ ಗುಂಡುಸೂಜಿಗಳಿದ್ದವು. ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

"ಲಾಯದಲ್ಲಿ ನಿಂತೂ ನಿಂತೂ ಬಾಗಿಲು ಕಚ್ತಿದ್ದಾಳೆ ಪಾಪ. ನನ್ ಕೈಗೆ ಕೊಟ್ರೆ ಈ ಸಲದ ದೊಡ್ಡದಕ್ಕೆ ರೆಡಿ ಮಾಡ್ತೀನಿ. ಎಷ್ಟು ವರ್ಷ ಅಂತ ಅವಳನ್ನ ಒಂದನೇ ಕ್ಲಾಸಲ್ಲೇ ಕೂರಿಸ್ತೀಯ?"

"ಒಂದನೇ ಕ್ಲಾಸಾ?"

"ಮತ್ತಿನ್ನೇನು? ನಲವತ್ತು ಕಿಲೋಮೀಟ್ರೂ ಒಂದು ಸವಾರಿನಾ? ಅಷ್ಟು ದೂರಕ್ಕೆ ನಮ್ ಡ್ರೈವರ್‌ಗಳು ಡೀಸೆಲ್ ಇದೆಯಾ ಅಂತಾನೂ ನೋಡಲ್ಲ."

"ಬಸ್ಸಿಗೆ ಎದೆ ಇಲ್ಲ ಕಣೋ."

"ಅಣ್ಣಾ, ನೀನಾದ್ರೂ ಹೇಳೋ."

ನಾನು ಬಕಲ್ ನೋಡುತ್ತಾ ಕೂತೆ. ಇವರಿಬ್ಬರ ಮಧ್ಯೆ ಬಾಯಿ ಹಾಕಿ ಉದ್ಧಾರವಾದವರನ್ನು ನಾನು ಕಂಡಿಲ್ಲ.

ತಂಗಿ ಮಷಿನ್ ನಿಲ್ಲಿಸಿದಳು. "ನೋಡು, ಗುಬ್ಬಿ ಕೆಟ್ಟ ಕುದುರೆ ಅಲ್ಲ. ಅದೇ ತೊಂದ್ರೆ. ಕೇಳಿದಷ್ಟೂ ಕೊಡ್ತಾಳೆ. ಕೆಲವು ಕುದುರೆ ಸಾಕಾದ್ರೆ ನಿಂತ್ಬಿಡ್ತವೆ, ಬೈದ್ರೂ ಹೋಗಲ್ಲ. ಇವಳಿಗೆ ಸಾಕು ಅನ್ನೋದೇ ಗೊತ್ತಿಲ್ಲ. ಮೇಲೆ ಕೂತೋರಿಗೆ ಗೊತ್ತಿರಬೇಕು. ನಿನಗೆ ಗೊತ್ತಾಗುತ್ತೆ ಅಂತ ನಂಗೆ ನಂಬಿಕೆ ಬಂದ್ರೆ ಕೊಡ್ತೀನಿ."

"ಮೂವತ್ತು ವರ್ಷದಿಂದ ಸವಾರಿ ಮಾಡ್ತಿದ್ದೀನಿ ತಾಯಿ!"

"ದೊಡ್ಡದು ಮಾಡಿದ್ದೀಯ. ನಂದು ಒಂದ್ಸಲ ಮಾಡಿ ತೋರಿಸು. ಗುಬ್ಬಿ ಮೇಲೆ. ಕೊನೇಲಿ ಕುದುರೆ ಡಾಕ್ಟರಮ್ಮ ಸರಿ ಅಂದ್ರೆ ಅವತ್ತೇ ನಿನ್ನ ಲಾಯಕ್ಕೆ ಕರ್ಕೊಂಡು ಹೋಗು. ತಡೆದ್ರೆ ಇನ್ನೊಂದ್ಸಲ ಈ ಮಾತು ಎತ್ತಬೇಡ."

ದೂರಪ್ಪ ಮೇಜು ತಟ್ಟಿ ನಕ್ಕ. "ಇಷ್ಟೇನಾ? ತಿಂಡಿಗೆ ಮುಂಚೆ ಮುಗಿಸ್ತೀನಿ."

"ಇನ್ನೊಂದು. ನನ್ ಹಾಗೇ ಮಾಡಬೇಕು. ಕುದುರೆ ಕೆಲಸ ಎಲ್ಲಾ ನಿಂದೇ. ಅಣ್ಣ ಬಕೆಟ್ ಮುಟ್ಟೋ ಹಾಗಿಲ್ಲ."

"ನೀನು?"

"ನಾನೂ ಮುಟ್ಟಲ್ಲ. ಕುರ್ಚಿ ಹಾಕ್ಕೊಂಡು ನೋಡ್ತೀನಿ. ಈ ಭಾಗ್ಯ ನಂಗೆ ಯಾವಾಗ ಸಿಕ್ಕಿತ್ತು?"

ಆ ಒಪ್ಪಂದ ಹೀಗಾಯಿತು. ದೂರಪ್ಪ ಹೋದ ಮೇಲೆ ತಂಗಿ ಬಹಳ ಹೊತ್ತು ಮಷಿನ್ ತುಳಿಯಲಿಲ್ಲ. ಗುಬ್ಬಿಯನ್ನು ಮೂಳೆ ಕಾಣುವ ಮರಿಯಾಗಿದ್ದಾಗಿನಿಂದ ಸಾಕಿದವಳು ಅವಳು. ಕೊಡಲೂ ಮನಸ್ಸಿಲ್ಲ, ಲಾಯದಲ್ಲಿ ಕಟ್ಟಿಹಾಕಲೂ ಮನಸ್ಸಿಲ್ಲ.

ಸವಾರಿಯ ದಿನ ಬಿಸಿಲು ಬೆಳಿಗ್ಗೆಯೇ ಚುರುಕಾಗಿತ್ತು. ಕ್ಯಾಂಪು ಹಾಕಿದ್ದು ಒಂದು ದೊಡ್ಡ ಬಯಲಿನಲ್ಲಿ. ಸಾಲಾಗಿ ನಿಂತ ಗಾಡಿಗಳು, ಗಾಡಿಗೊಂದೊಂದು ಕುದುರೆ, ನೀರಿನ ತೊಟ್ಟಿಗಳು, ಡಾಕ್ಟರು ಕುದುರೆ ನೋಡುವುದಕ್ಕೆ ಹಗ್ಗ ಕಟ್ಟಿದ ಓಣಿ. ದೊಡ್ಡದರವರು ಆಗಲೇ ಹೊರಟುಹೋಗಿದ್ದರು. ಹೆಸರು ಬರೆಸುವ ಮೇಜಿನಲ್ಲಿ ಕುದುರೆ ಮೇವು ಮಾರುವ ಅಂಗಡಿಯವನು ಕೂತಿದ್ದ, ಬಾಯಿ ಸುಮ್ಮನಿರದ ಮನುಷ್ಯ.

"ಏನ್ ಸಾಹೇಬ್ರೇ, ಲೇಟಾಯ್ತು! ದೊಡ್ಡದು ಹೋಗಿ ಆಯ್ತಲ್ಲ!"

"ಬರೀ ಚಿಕ್ಕದು ಇವತ್ತು" ಎಂದ ದೂರಪ್ಪ, ಮುಖ ಆ ಕಡೆ ತಿರುಗಿಸಿ.

"ಹಾಗಾದ್ರೆ ದೂರಪ್ಪ ಅಂತ ಹೇಗೆ ಬರೀಲಿ? ಹತ್ತಿರಪ್ಪ ಅಂತ ಬರೀಲಾ?"

ಸುತ್ತ ಇದ್ದವರೆಲ್ಲ ನಕ್ಕರು. ದೂರಪ್ಪನೂ ನಕ್ಕ, ಆದರೆ ಕಿವಿ ಕೆಂಪಾಗಿತ್ತು. ಆ ನಗು ಅವನ ಜೊತೆಗೇ ಕುದುರೆ ಹತ್ತಿತು ಎಂದು ನನಗೆ ಆಮೇಲೆ ಅನಿಸಿತು.

ಹೊರಡುವ ಮೊದಲು ಸವಾರಿ ನಡೆಸುವವರು ನಿಯಮ ಹೇಳುತ್ತಾರೆ. ಎರಡರದ್ದನ್ನೂ ಹಿಂದಿನ ಸಂಜೆಯೇ ಒಟ್ಟಿಗೆ ಹೇಳುವ ಕ್ಯಾಂಪುಗಳಲ್ಲಿ, ಚಿಕ್ಕದರ ನಿಯಮ ಬಂದಾಗ ದೊಡ್ಡದರವರು ಚಹಾ ಕುಡಿಯಲು ಹೋಗುವುದು ರೂಢಿ. ದೂರಪ್ಪ ಅಂದೂ ಹೋದ. ತಾನೇ ಚಿಕ್ಕದರಲ್ಲಿ ಇದ್ದೇನೆ ಎನ್ನುವುದು ಅವನ ಕಾಲುಗಳಿಗೆ ಇನ್ನೂ ತಿಳಿದಿರಲಿಲ್ಲ.

ಅಲ್ಲಿ ಹೇಳಿದ್ದು ಹೀಗೆ. ದೊಡ್ಡದರಲ್ಲಿ ಗೆರೆ ಮೊದಲು ದಾಟಿದವರೇ ಮೊದಲು. ಕುದುರೆ ಸರಿಯಾಗಿದೆಯೇ ಎಂದು ಆಮೇಲೆ ನೋಡುತ್ತಾರೆ. ಚಿಕ್ಕದರಲ್ಲಿ ಹಾಗಲ್ಲ. ಗೆರೆ ದಾಟಿದರೂ ಗಡಿಯಾರ ನಿಲ್ಲುವುದಿಲ್ಲ. ಕುದುರೆಯ ಎದೆಬಡಿತ ನಿಮಿಷಕ್ಕೆ ಅರವತ್ತಕ್ಕೆ ಇಳಿಯಬೇಕು. ಇಳಿದ ಗಳಿಗೆಯೇ ಸವಾರಿ ಮುಗಿದ ಗಳಿಗೆ. ಅರ್ಧ ಗಂಟೆಯೊಳಗೆ ಇಳಿಯದಿದ್ದರೆ ಸವಾರಿ ಮಾಡಿದ ಲೆಕ್ಕವೇ ಇಲ್ಲ.

ನಾನು ತಂಗಿಯ ಕುರ್ಚಿಯತ್ತ ಬಗ್ಗಿದೆ. "ಅವನಿಗೆ ಹೋಗಿ ಹೇಳಲಾ?"

"ಬೇಡ. ಹೇಳೋವಾಗ ನಿಂತು ಕೇಳಬೇಕಿತ್ತು. ನಂಗೇನು ಮನೆಗೆ ಬಂದು ಹೇಳಿದ್ರಾ?"

ಹೊರಟರು. ಗುಬ್ಬಿ ಕುಣಿಯುತ್ತಾ ಹೋದಳು. ನಡುದಾರಿಯ ತಪಾಸಣೆ ಕ್ಯಾಂಪಿನಲ್ಲೇ ಇತ್ತು. ಅಲ್ಲಿಗೆ ಬಂದಾಗ ಅವಳು ಚೆನ್ನಾಗಿದ್ದಳು, ನೀರು ಕುಡಿದಳು, ಹುಲ್ಲು ತಿಂದಳು. ಡಾಕ್ಟರಮ್ಮ ತಲೆಯಾಡಿಸಿದರು. ದೂರಪ್ಪ ನಮ್ಮ ಕಡೆ ಹುಬ್ಬು ಹಾರಿಸಿ ಮತ್ತೆ ಹೊರಟ.

ಕೊನೆಯ ಭಾಗದಲ್ಲಿ ಒಂದು ಗುಡ್ಡ ಇಳಿದು ಬಯಲಿಗೆ ಬರಬೇಕು. ಕ್ಯಾಂಪಿನಿಂದ ಅದು ಪೂರ್ತಿ ಕಾಣುತ್ತದೆ. ತಂಗಿ ಯಾವಾಗಲೂ ಆ ಇಳಿಜಾರಿನ ತಲೆಯಲ್ಲೇ ಕುದುರೆಯಿಂದ ಇಳಿದು, ಹೊಟ್ಟೆಪಟ್ಟಿ ಸಡಿಲಿಸಿ, ಗುಬ್ಬಿಯ ಪಕ್ಕದಲ್ಲಿ ನಡೆದುಕೊಂಡೇ ಬರುತ್ತಿದ್ದಳು. ಬಯಲಿನಲ್ಲಿ ಕುರ್ಚಿ ಹಾಕಿ ಕೂತವರು ಅದನ್ನು ನೋಡಿ, "ಹೊಲಿಗೆಯಮ್ಮ ಕುದುರೇನ ವಾಕಿಂಗಿಗೆ ಕರ್ಕೊಂಡು ಹೋಗಿದ್ರು" ಎನ್ನುವುದೂ ರೂಢಿಯೇ.

ದೂರಪ್ಪ ಅಲ್ಲಿ ಇಳಿಯಲಿಲ್ಲ. ಮುಂದೆ ಯಾರೂ ಇಲ್ಲ, ಹಿಂದೆ ಇಬ್ಬರು ಕಾಣುತ್ತಿದ್ದಾರೆ. ನಾಗಾಲೋಟದಲ್ಲಿ ಬಿಟ್ಟ. ಗುಬ್ಬಿ ಕೇಳಿದಷ್ಟೂ ಕೊಟ್ಟಳು. ಧೂಳು ಎಬ್ಬಿಸಿಕೊಂಡು ಇಳಿದು, ಬಯಲು ಸೀಳಿಕೊಂಡು, ಗೆರೆ ದಾಟಿದಳು. ಅವನು ಒಂದು ಕೈ ಮೇಲೆತ್ತಿದ.

ತಂಗಿ ಕೋಲಿನ ತುದಿಯಿಂದ ನೆಲ ಕೆದಕುತ್ತಿದ್ದಳು.

ಅವನು ಇಳಿದು, ಲಗಾಮು ಹಿಡಿದೇ ನಿಂತ. ಅಭ್ಯಾಸದಂತೆ ನನ್ನ ಕಡೆ ಚಾಚಿದ, ನೆನಪಾಗಿ ಕೈ ಹಿಂದೆ ತೆಗೆದುಕೊಂಡ. ದೊಡ್ಡದರಲ್ಲಿ ಇರುವಂತೆ ತಪಾಸಣೆಗೆ ಅರ್ಧ ಗಂಟೆ ಇದೆ, ಅವಸರವೇನು ಎಂಬ ಹಾಗೆ ಮೇವಿನ ಅಂಗಡಿಯವನ ಜೊತೆ ಮಾತಿಗೆ ನಿಂತ. "ಹೆಂಗಿತ್ತು ಹತ್ತಿರಪ್ಪನ ಓಟ?" ಎಂದು ದೂರಪ್ಪನೇ ಕೇಳುತ್ತಿದ್ದುದು ನಮಗೂ ಕೇಳಿಸಿತು. ಜೀನು ಇನ್ನೂ ಗುಬ್ಬಿಯ ಬೆನ್ನ ಮೇಲೇ ಇತ್ತು. ಅವಳ ಪಕ್ಕೆಗಳು ತಿದಿಯ ಹಾಗೆ ಆಡುತ್ತಿದ್ದವು.

ಹಿಂದಿನವರು ಒಬ್ಬೊಬ್ಬರಾಗಿ ಬಂದರು, ಎಲ್ಲರೂ ನಡೆದುಕೊಂಡೇ. ಅವರಲ್ಲಿ ಮೊದಲು ಬಂದವರು ಶಾಲೆಯ ಮೇಡಂ, ಮುಖ ಬೆಳ್ಳಗಾದ ಮುದಿ ಕುದುರೆಯನ್ನು ಹಿಡಿದುಕೊಂಡು, ತಾವೇ ಬೆವರಿನಲ್ಲಿ ಮಿಂದು.

"ಬನ್ನಿ ಮೇಡಂ. ಕುದುರೆ ಸುಸ್ತಾಯ್ತಾ?" ಎಂದ ದೂರಪ್ಪ.

"ಅದಕ್ಕೆ ಸುಸ್ತಾಗಬಾರದು ಅಂತ ನಾನು ಸುಸ್ತಾದೆ" ಎಂದು ಅವರು ನಿಲ್ಲದೆ ಮುಂದೆ ಹೋದರು. ಜೀನು ಇಳಿಸಿದರು, ಎರಡು ಬಕೆಟ್ ನೀರು ಹೊಯ್ದರು, ಓಣಿಯಲ್ಲಿ ನಿಲ್ಲಿಸಿದರು. ಡಾಕ್ಟರಮ್ಮ ಕಿವಿಗೆ ಸ್ಟೆತಸ್ಕೋಪ್ ಹಾಕಿ ಎಣಿಸಿ, "ಐವತ್ತಾರು" ಎಂದರು. ಪಕ್ಕದಲ್ಲಿ ಹೊತ್ತು ಬರೆದುಕೊಳ್ಳುತ್ತಿದ್ದ ಗಡಿಯಾರದವರು ಕೂಗಿದರು: "ಮೇಡಂ, ಮೊದಲನೇ ಸ್ಥಾನ!"

ದೂರಪ್ಪ ತಿರುಗಿದ. "ಏನು? ಎಷ್ಟನೇದು? ನಾನು ಬಂದು ಎಷ್ಟೊತ್ತಾಯ್ತು!"

"ನೀವು ಬಂದ್ರಿ ಸಾರ್. ಕುದುರೆ ಇನ್ನೂ ಬಂದಿಲ್ಲ" ಎಂದರು ಗಡಿಯಾರದವರು. ತಮಾಷೆಗೇನೂ ಅಲ್ಲ, ಇದ್ದದ್ದನ್ನು ಹೇಳಿದರು.

ಆಗ ಅವನು ಗುಬ್ಬಿಯನ್ನು ನೋಡಿದ. ಓಡಿ ಬಂದು ಜೀನು ಕಿತ್ತ. ಬಕೆಟ್ಟಿಗೆ ಕೈ ಹಾಕಿದ. ಎಲ್ಲಿ ಹೊಯ್ಯಬೇಕು ಎಂದು ಗೊತ್ತಾಗದೆ ಬೆನ್ನಿಗೆ ಹೊಯ್ದ. ಲಗಾಮು ಹಿಡಿದು ಗುಂಡಾಗಿ ಸುತ್ತಿಸಿದ. ಮತ್ತೆ ನಿಲ್ಲಿಸಿದ. ಡಾಕ್ಟರಮ್ಮ ಎಣಿಸಿದರು. "ಎಪ್ಪತ್ತೆರಡು." ಅವನು ಮತ್ತೆ ಕರೆದುಕೊಂಡು ಹೋದ, ಮತ್ತೆ ಬಂದ. "ಎಪ್ಪತ್ತು." ಮಿಕ್ಕವರ ಕುದುರೆಗಳು ಒಂದೊಂದೇ ಪಾಸಾಗಿ ಹುಲ್ಲಿಗೆ ಹೋದವು. ಅವುಗಳನ್ನು ನೋಡಿ ಗುಬ್ಬಿ ಕೆನೆದಳು, ಎಳೆದಾಡಿದಳು. ಎದೆ ಇನ್ನಷ್ಟು ಏರಿತು.

ಅರ್ಧ ಗಂಟೆಯಲ್ಲಿ ಹೆಚ್ಚಿನ ಭಾಗ ಕಳೆದಿತ್ತು. ತಂಗಿ ಕುರ್ಚಿಯ ಕೈ ಹಿಡಿದು ಏಳಲು ನೋಡಿದಳು.

"ಎಲ್ಲಿಗೆ?" ಎಂದೆ. "ಸುಮ್ನೆ ಕೂತಿದ್ರೆ ಗುಬ್ಬಿ ನಿನ್ ಹತ್ರಾನೇ ಉಳೀತಾಳೆ. ಮಾತು ನೀನೇ ಕಟ್ಟಿದ್ದು."

"ಅವಳಿಗೆ ನಮ್ ಮಾತು ಗೊತ್ತೇನಣ್ಣ?"

ಕೋಲು ಊರುತ್ತಾ ಹೋದಳು. ದೂರಪ್ಪನ ಕೈಯಿಂದ ಲಗಾಮು ತೆಗೆದುಕೊಂಡಳು. ಬೈಯುತ್ತಾಳೆ ಎಂದು ಅವನು ಕಾದ. ಅವಳು ಬೈಯಲಿಲ್ಲ.

"ಸುತ್ತಿಸಬೇಡ. ಅಲ್ಲಿ ಗಾಡಿ ಹಿಂದೆ, ನೆರಳಿಗೆ. ಬೇರೆ ಕುದುರೆ ಕಾಣಬಾರದು ಅವಳಿಗೆ. ಬೆನ್ನಿಗೆ ಯಾಕೆ ಹೊಯ್ತೀಯ, ಕುತ್ತಿಗೆ ಕೆಳಗೆ ಹೊಯ್ಯಿ. ಹಿಂಗಾಲಿನ ಒಳಗಡೆ. ಹೊಯ್ದ ನೀರು ಅಲ್ಲೇ ಬಿಸಿಯಾಗುತ್ತೆ, ಅದನ್ನ ಕೈಯಲ್ಲಿ ಎಳೆದು ತೆಗಿ. ಮತ್ತೆ ಹೊಯ್ಯಿ. ಅಣ್ಣಾ, ನೀರು ತಾ."

ನಾನು ತಂದೆ. ದೂರಪ್ಪ ಹೊಯ್ದ, ಒರೆಸಿದ, ಹೊಯ್ದ. ತಂಗಿ ಗುಬ್ಬಿಯ ಕಿವಿಗಳ ನಡುವೆ ಅಂಗೈ ಇಟ್ಟು ನಿಂತಳು. ಕುದುರೆಯ ತಲೆ ನಿಧಾನವಾಗಿ ಕೆಳಗೆ ಬಂತು. ಕೆಳತುಟಿ ಜೋತುಬಿತ್ತು.

"ಈಗ ಕರ್ಕೊಂಡು ಹೋಗು. ಎಳೀಬೇಡ. ನೀನೂ ಜೋರಾಗಿ ಉಸಿರು ಬಿಡಬೇಡ, ಅವಳಿಗೆ ಕೇಳ್ಸುತ್ತೆ."

ಡಾಕ್ಟರಮ್ಮ ಬಹಳ ಹೊತ್ತು ಎಣಿಸಿದಂತೆ ಅನಿಸಿತು. "ಅರವತ್ತು" ಎಂದರು. ಆಮೇಲೆ ಗುಬ್ಬಿಯನ್ನು ಸಣ್ಣ ಓಟದಲ್ಲಿ ಅತ್ತ ಇತ್ತ ಓಡಿಸಿ ನೋಡಿದರು, ಕುಂಟಲಿಲ್ಲ. "ಸರಿ ಇದೆ. ಆದ್ರೆ ಇವತ್ತು ತುಂಬಾ ಕೇಳಿದ್ದೀರಿ ಇವಳ ಹತ್ರ" ಎಂದು ದೂರಪ್ಪನಿಗೆ ಹೇಳಿ ಮುಂದೆ ಹೋದರು. ಕಡೆಯ ಸ್ಥಾನ. ಆದರೂ ಮುಗಿಸಿದ ಲೆಕ್ಕ.

ಅಂದರೆ ಗುಬ್ಬಿ ಅವನದು. ತಂಗಿ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವವಳಲ್ಲ. ಗುಬ್ಬಿಯ ಹುಲ್ಲಿನ ಬಲೆ, ಕಂಬಳಿ, ಉಜ್ಜುವ ಬ್ರಷ್ ಎಲ್ಲವನ್ನೂ ಅವಳೇ ಒಂದು ಚೀಲಕ್ಕೆ ತುಂಬಿ ಗಾಡಿಯ ಬಾಗಿಲಲ್ಲಿ ಇಟ್ಟಳು. "ಕಂಬಳಿ ಮಡಿಸೋವಾಗ ಒಳಗಿನ ಬದಿ ಹೊರಗೆ ಮಾಡಬೇಡ, ಧೂಳು ಹಿಡಿಯುತ್ತೆ" ಎಂದಳು. ಅವನು ತಲೆಯಾಡಿಸಿದ.

ಸಂಜೆ ದೊಡ್ಡದರವರೂ ಬಂದು ಸೇರಿದ ಮೇಲೆ ಊಟ. ಉದ್ದನೆಯ ಬೆಂಚುಗಳು, ಎಲ್ಲರ ಬಟ್ಟೆಯಲ್ಲೂ ಬೆವರಿನ ವಾಸನೆ. ದೊಡ್ಡದನ್ನು ಮುಗಿಸಿದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದರು, ಕೈಗೆ ಕಪ್ ಕೊಟ್ಟರು, ಚಪ್ಪಾಳೆ ತಟ್ಟಿದರು. ದೂರಪ್ಪ ಊಟದ ಮಧ್ಯೆ ಅಂಗಿಯ ಕಾಲರ್ ಸರಿಮಾಡಿಕೊಂಡದ್ದನ್ನು ನಾನು ನೋಡಿದೆ. ಕೊನೆಯ ಹೆಸರಾದ ಮೇಲೆ ಕರೆಯುತ್ತಿದ್ದವರು ಹೇಳಿದರು: "ಚಿಕ್ಕದರವರ ಕಪ್‌ಗಳು ಅಡುಗೆ ಮನೆ ಬಾಗಿಲ ಹತ್ರ ಮೇಜಿನ ಮೇಲಿವೆ. ಹೋಗ್ತಾ ಒಂದೊಂದು ತಗೊಳ್ಳಿ."

ಶಾಲೆಯ ಮೇಡಂ ಎದ್ದು, ಖಾಲಿ ತಟ್ಟೆಯನ್ನು ತೊಟ್ಟಿಗೆ ಹಾಕಿ, ಹೋಗುತ್ತಾ ಒಂದು ಕಪ್ ತೆಗೆದುಕೊಂಡರು. ಅವರ ಪಕ್ಕದ ಬೆಂಚಿನವರಿಗೂ ಅವರು ಮೊದಲು ಬಂದದ್ದು ಗೊತ್ತಾಗಲಿಲ್ಲ.

"ಯಾವಾಗಲೂ ಹೀಗೇನಾ?" ಎಂದ ದೂರಪ್ಪ.

"ಹೀಗೇ" ಎಂದಳು ತಂಗಿ, ರೊಟ್ಟಿ ಮುರಿಯುತ್ತಾ. "ಮೊದಲು ಕರೀತಿದ್ರು. ಆಮೇಲೆ ಕಮಿಟೀಲಿ ಯಾರೋ, ಊಟ ಆರಿ ಹೋಗುತ್ತೆ, ಚಿಕ್ಕದರವರನ್ನೆಲ್ಲ ಕರೀತಾ ಕೂರಬೇಡಿ ಅಂದ್ರಂತೆ."

ಅವನು ಅವಳ ಮುಖ ನೋಡಿದ. ಆ ಮಾತು ಬಂದ ವರ್ಷ ಕಮಿಟಿಯಲ್ಲಿ ಇದ್ದವನು ಅವನೇ. ಅವಳು ಅದನ್ನು ಎತ್ತಿ ಆಡಲಿಲ್ಲ, ನನ್ನ ತಟ್ಟೆಗೆ ಒಂದು ತುಂಡು ಹಾಕಿ ತಿನ್ನುವುದನ್ನು ಮುಂದುವರಿಸಿದಳು. ಹೊರಡುವಾಗ ಅವನು ಮೇಜಿನಿಂದ ಕಪ್ ತೆಗೆದುಕೊಂಡ, ಸುತ್ತ ನೋಡಿ ಜೇಬಿಗೆ ತುರುಕಲು ಹೋದ. ಹಿಡಿಸಲಿಲ್ಲ. ಕೈಯಲ್ಲೇ ಹಿಡಿದುಕೊಂಡ.

ಗಾಡಿಯನ್ನು ಅವನೇ ಓಡಿಸಿದ. ಹಿಂದೆ ಗುಬ್ಬಿ, ಮುಂದೆ ನಾವು ಮೂವರು. ಕಪ್ ತಂಗಿಯ ಮಡಿಲಲ್ಲಿತ್ತು. ನಮ್ಮ ರಸ್ತೆಯ ಪೆಟ್ರೋಲ್ ಬಂಕಿನ ಹತ್ತಿರ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಅವನ ಲಾಯ, ಎಡಕ್ಕೆ ಹೋದರೆ ತಂಗಿಯ ಮನೆ. ಅವನು ಎಡಕ್ಕೆ ತಿರುಗಿಸಿದ.

"ನನ್ನ ಇಳಿಸಿ ಹೋಗ್ತೀಯಾ?" ಎಂದಳು ತಂಗಿ.

"ಗುಬ್ಬೀನೂ ಇಳಿಸ್ತೀನಿ."

"ಮಾತಂದ್ರೆ ಮಾತು ಕಣೋ. ಡಾಕ್ಟರಮ್ಮ ಸರಿ ಅಂದ್ರು."

"ಡಾಕ್ಟರಮ್ಮ ಸರಿ ಅಂದಿದ್ದು ನಿನಗೆ. ನಂಗಲ್ಲ."

ತಂಗಿ ಕಪ್ಪನ್ನು ತಿರುಗಿಸಿ ತಳ ನೋಡಿದಳು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ.

ಮನೆಯ ಮುಂದೆ ಗಾಡಿಯ ಹಲಗೆ ಇಳಿಸಿದೆವು. ಗುಬ್ಬಿ ತನ್ನ ಲಾಯದ ವಾಸನೆ ಹಿಡಿದು ತಾನೇ ನಡೆದು ಹೋದಳು. ದೂರಪ್ಪ ಅವಳ ಕಾಲುಗಳನ್ನು ಒಂದೊಂದಾಗಿ ಕೈಯಾಡಿಸಿ ನೋಡಿದ, ಬಿಸಿ ಇದೆಯೇ ಎಂದು. ಎಷ್ಟೋ ವರ್ಷದಿಂದ ಆ ಕೆಲಸ ನನ್ನದಾಗಿತ್ತು. ನಾನು ಗೋಡೆಗೆ ಒರಗಿ ನಿಂತೆ.

"ನಿನ್ ಮಂಡಿ ಸರಿಹೋಗೋವರೆಗೆ ಇವಳು ಸುಮ್ನೆ ನಿಂತ್ರೆ ಕೆಟ್ಟು ಹೋಗ್ತಾಳೆ" ಎಂದ, ತಲೆ ಎತ್ತದೆ. "ನಿಂದು... ಆ ಚಿಕ್ಕದಕ್ಕೇ, ನಾನು ಕರ್ಕೊಂಡು ಹೋದ್ರೆ?"

"ಇಳಿಜಾರಲ್ಲಿ ಇಳಿದು ನಡೀಬೇಕು."

"ನಡೀತೀನಿ."

"ಬಯಲಲ್ಲಿ ಕೂತೋರು ಏನಾದ್ರೂ ಅಂತಾರೆ."

"ಅಂದ್ಕೊಳ್ಳಲಿ."

"ನಿಯಮ ಹೇಳೋವಾಗ ಚಹಾಕ್ಕೆ ಓಡಬಾರದು."

"ಅಯ್ಯೋ, ಸಾಕು ಮಾರಾಯ್ತಿ!"

"ಆ ಮಾತು ನಿಂಗೆ ಗೊತ್ತಿದ್ರೆ ಸರಿ" ಎಂದು ತಂಗಿ ಲಾಯದ ಚಿಲಕ ಹಾಕಿದಳು.

ತಂಗಿಯ ಆಪರೇಷನ್ ಆಯಿತು. ದೂರಪ್ಪ ಈಗಲೂ ದೊಡ್ಡದೇ ದೊಡ್ಡದು ಎನ್ನುತ್ತಾನೆ. ಅದನ್ನು ಅವನ ಬಾಯಿಂದ ಬಿಡಿಸಲು ಯಾರಿಂದಲೂ ಆಗುವುದಿಲ್ಲ, ಬಿಡಿಸಬೇಕಾಗಿಯೂ ಇಲ್ಲ. ಆದರೆ ಮುಂದಿನ ಕ್ಯಾಂಪಿನಲ್ಲಿ ನಾವು ಗುಬ್ಬಿಯನ್ನು ಕರೆದುಕೊಂಡೇ ಹೋದೆವು. ಮೇಜಿನಲ್ಲಿ ಮೇವಿನ ಅಂಗಡಿಯವನೇ ಕೂತಿದ್ದ.

"ದೊಡ್ಡದೇ ತಾನೆ ಸಾಹೇಬ್ರೇ?"

"ಅಲ್ಲ, ಚಿಕ್ಕದು" ಎಂದ ದೂರಪ್ಪ. ಒಂದು ಗಳಿಗೆ ಬಿಟ್ಟು, "ಈ ಸಲ" ಎಂದು ಸೇರಿಸಿದ.

ತಂಗಿ ಪಕ್ಕದಲ್ಲೇ ಕೋಲು ಊರಿ ನಿಂತಿದ್ದಳು. ಅವಳಿಗೆ ಕೇಳಿಸಿತು. ಕೋಲೆತ್ತಿ, ನಿಯಮ ಹೇಳುವ ಕಡೆ ತೋರಿಸಿದಳು.